ರಬ್ಬರ್ ಬ್ಯಾಂಡಿನ ಏಳನೇ ಸುತ್ತು

ಕೆಲವರಿಗೆ ಶನಿಕಾಟ, ಕೆಲವರಿಗೆ ನೆಂಟರ ಕಾಟ. ನನಗೆ ಎರಡು ವರ್ಷದಿಂದ ಕೂದಲಿನ ಕಾಟ. ವಾರಕ್ಕೊಂದು ಫಜೀತಿ ಆಗದಿದ್ದರೆ ಏನೋ ಮರೆತಿದ್ದೇನೆ ಅನ್ನಿಸುತ್ತದೆ.

ನನ್ನ ತವರು ಭಟ್ಕಳ, ಗಂಡನ ಮನೆ ಕುಮಟಾ, ಗುಮಾಸ್ತೆ ಕೆಲಸ ಹೊನ್ನಾವರದ ಒಂದು ಕಚೇರಿಯಲ್ಲಿ. ಮೂರೂ ಊರಲ್ಲಿ ನನ್ನ ಗುರುತು ಒಂದೇ, ಜಡೆ. ಸೊಂಟದಿಂದ ಕೆಳಗಿಳಿಯುವ, ಒಂದು ಮುಷ್ಟಿಗೆ ಹಿಡಿಯದ, ನೆಟ್ಟಗಿನ ಜಡೆ. ನಲವತ್ತೇಳಕ್ಕೆ ಕಾಲಿಟ್ಟ ಮೇಲೆ ಅದಕ್ಕೆ ಎಂತಾಯಿತೋ ದೇವರಿಗೇ ಗೊತ್ತು. ಸುರುಳಿ ಸುತ್ತಿತು, ಒರಟಾಯಿತು, ತೆಳ್ಳಗಾಯಿತು. ಮೂರು ಸುತ್ತಿಗೆ ಬಿಗಿಯಾಗುತ್ತಿದ್ದ ರಬ್ಬರ್ ಬ್ಯಾಂಡ್ ಈಗ ಏಳು ಸುತ್ತು ಕೇಳುತ್ತದೆ.

ಇದೇ ಹೊತ್ತಿಗೆ ಭಟ್ಕಳದಲ್ಲಿ ಅಣ್ಣನ ಮಗಳ ಮದುವೆ ಗೊತ್ತಾಯಿತು. ಹುಡುಗಿ ಫೋನು ಮಾಡಿ, “ಅತ್ತೆ, ಆರತಿ ಎತ್ತುವವಳು ನೀನೇ. ನಿನ್ನ ಜಡೆಗೆ ಅಂತ ಮೂರು ಮೊಳ ಮಲ್ಲಿಗೆ ಬೇರೆಯೇ ಹೇಳಿಟ್ಟಿದ್ದೇನೆ” ಅಂದಳು. ಹಿಂದಿನಿಂದ ಅವಳ ಅಮ್ಮನ, ಅಂದರೆ ನನ್ನ ಅತ್ತಿಗೆಯ ದನಿ ಕೇಳಿತು: “ಜಡೆ ಇನ್ನೂ ಇದ್ಯಾ ಕೇಳೇ!”

ಅತ್ತಿಗೆಗೂ ನನಗೂ ಇಪ್ಪತ್ತೈದು ವರ್ಷದಿಂದ ಜಡೆಯಲ್ಲೇ ಪೈಪೋಟಿ. ನನ್ನದು ಅವಳದಕ್ಕಿಂತ ಒಂದು ಗೇಣು ಉದ್ದ ಎನ್ನುವುದು ಅವಳಿಗೆ ಇನ್ನೂ ಜೀರ್ಣವಾಗಿಲ್ಲ. ಸತ್ತರೂ ಈ ಇಲಿಬಾಲ ಇಟ್ಟುಕೊಂಡು ಅವಳೆದುರು ನಿಲ್ಲುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಸಾರಿನಲ್ಲಿ ಸಿಕ್ಕಿದ್ದು

ಇದೆಲ್ಲ ಶುರುವಾದದ್ದು ಬಂಗಡೆ ಸಾರಿನಲ್ಲಿ. ಒಂದು ಭಾನುವಾರ ಊಟಕ್ಕೆ ಕೂತ ನಮ್ಮತ್ತೆ ತಟ್ಟೆಯಿಂದ ಒಂದು ಕೂದಲು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಪೆನ್ನಿನ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿತ್ತು.

“ಇದು ನಮ್ಮನೆ ಕೂದಲಲ್ಲ” ಎಂದು ತೀರ್ಪು ಕೊಟ್ಟರು. ಮಗ ಬೋಳು, ತಮ್ಮದು ಜಾಯಿಕಾಯಿ ಗಾತ್ರದ ಬೆಳ್ಳಿ ತುರುಬು, ಸೊಸೆಯದು ನೆಟ್ಟಗಿನದು. ಉಳಿದವಳು ಅಂಗಳದಲ್ಲಿ ಕೂತು ಮೀನು ಕೊಯ್ದು ಕೊಡುವ ಮೀನಿನವಳು.

ಮರುದಿನ ಅವಳು ಬುಟ್ಟಿ ಇಳಿಸುವಷ್ಟರಲ್ಲೇ ಅತ್ತೆ, “ತಲೆಬಟ್ಟೆ ತೆಗೆ, ನೋಡುವಾ” ಅಂದರು.

“ಅಮ್ಮಾ, ಮೀನಿನ ಕಿವಿರು ನೋಡಿ ತಕಳೂದು ಗೊತ್ತು. ಮೀನಿನವಳ ತಲೆ ನೋಡಿ ತಕಳೂದು ಎಂತ ಹೊಸಾ ಪದ್ಧತಿ?” ಅನ್ನುತ್ತ ಅವಳು ಬಟ್ಟೆ ಬಿಚ್ಚಿದಳು. ಪೊರಕೆಯ ಹಿಡಿಕಡ್ಡಿಯ ಹಾಗೆ ನೇರ ಕೂದಲು! ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕರೆದು, ಕಿವಿಯ ಹಿಂದಿನಿಂದ ಒಂದು ಎಳೆ ಕಿತ್ತು ಅತ್ತೆಯ ಅಂಗೈ ಮೇಲಿಟ್ಟಳು. ಸಾರಿನ ಕೂದಲಿನ ಅವಳಿ ತಂಗಿ.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಾನು ಕದ್ದು ಬೀಡಿ ಸೇದುವಾಗ ಸಿಕ್ಕಿಬಿದ್ದ ಹಾಗೆ ಕೇಳಿದರು: “ಯಾವಾಗಿಂದ ಶುರು ಮಾಡ್ದೆ?”

ಈರುಳ್ಳಿ ಪ್ರಯೋಗ

ಬೆಳಗಿನ ಹೊನ್ನಾವರ ಬಸ್ಸಿನಲ್ಲಿ ನಾವು ಹತ್ತು ಹೆಂಗಸರು ಕಾಯಂ. ನನ್ನ ತಲೆಯ ಸುದ್ದಿ ಹಬ್ಬಿದ್ದೇ ತಡ, ಬಸ್ಸು ಆಸ್ಪತ್ರೆಯಾಯಿತು. ಒಬ್ಬರು ಬೋರಿನ ನೀರು ಅಂದರು, ಇನ್ನೊಬ್ಬರು ಮೊಬೈಲ್ ಟವರ್ ಅಂದರು, ಮೂರನೆಯವರು ಯಾರದೋ ಕಣ್ಣು ಬಿದ್ದದ್ದು ಅಂದರು. ಕಣ್ಣು ಅಂದ ಕೂಡಲೇ ನನಗೆ ಅತ್ತಿಗೆಯ ನೆನಪಾಯಿತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಎಲ್ಲರೂ ಒಪ್ಪಿದ ಮದ್ದು ಈರುಳ್ಳಿ ರಸ.

ಕುಮಟಾದಲ್ಲಿ ಈರುಳ್ಳಿಗೆ ಬರವೇ? ಬೇಸಿಗೆಯಲ್ಲಿ ಹೆದ್ದಾರಿಯುದ್ದಕ್ಕೂ ಸಿಹಿ ಈರುಳ್ಳಿಯನ್ನು ಸೊಪ್ಪಿನ ಸಮೇತ ಜಡೆ ಹೆಣೆದು ತೂಗುಹಾಕುತ್ತಾರೆ. ಒಂದು ದೊಡ್ಡ ಗೊಂಚಲು ಎತ್ತಿ ನೋಡಿದೆ. ಎಂಥಾ ಜಡೆ! ದಪ್ಪ, ನೀಟು, ಒಂದು ಎಳೆ ಆಚೀಚೆ ಇಲ್ಲ. ಮಾರುವ ಅಜ್ಜಿ ಒಮ್ಮೆ ಗೊಂಚಲನ್ನು, ಒಮ್ಮೆ ನನ್ನ ಬೆನ್ನನ್ನು ನೋಡಿ, ಪಾಪ, ಕೇಳದೆಯೇ ರೇಟು ಇಳಿಸಿದಳು.

ಹದಿನೈದು ದಿನ ರಸ ಹಚ್ಚಿದೆ. ತಲೆ ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಹದಿನಾರನೇ ದಿನ ಬಸ್ಸಿನ ಕಂಡಕ್ಟರು ನಮ್ಮ ಸೀಟಿನ ಹತ್ತಿರ ಬಂದು, ಮೂಗು ಅರಳಿಸಿ, ಬಗ್ಗಿ ಸೀಟಿನಡಿ ಹುಡುಕತೊಡಗಿದರು.

“ಎಂತ ಬಿತ್ತು?” ಎಂದು ಕೇಳಿದೆ.

“ಎಂತ ಬೀಳ್ಲಿಲ್ಲ ಮೇಡಂ. ಯಾರೋ ಈರುಳ್ಳಿ ಮೂಟೆ ಹಾಕಿದ್ದಾರೆ. ಲಗೇಜು ಟಿಕೆಟ್ ಹರಿಯಬೇಕು.”

ಉಳಿದ ಒಂಬತ್ತೂ ಹೆಂಗಸರು ಕಿಟಕಿಯ ಹೊರಗೆ ನೋಡತೊಡಗಿದರು. ನಾನೂ ನೋಡಿದೆ.

ಡಾಕ್ಟರ ಗುಟ್ಟು

ಕೊನೆಗೆ ಹೊನ್ನಾವರದಲ್ಲಿ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ನನ್ನದೇ ವಯಸ್ಸಿನ ಹೆಂಗಸು. ಥೈರಾಯ್ಡ್, ರಕ್ತ, ಕಬ್ಬಿಣಾಂಶ ಎಲ್ಲ ಪರೀಕ್ಷೆ ಮಾಡಿಸಿದರು. ಎಲ್ಲವೂ ಸರಿ. ಇಷ್ಟೊಂದು ಆರೋಗ್ಯ ಇದೆ ಅಂತ ತಿಳಿದು ನನಗೆ ಬೇಜಾರಾಯಿತು.

“ಹಾಗಾದರೆ ಯಾಕೆ ಹೀಗೆ?”

“ವಯಸ್ಸಿರಬಹುದು, ಹಾರ್ಮೋನ್ ಇರಬಹುದು. ಕೆಲವು ಸಲ ಕಾರಣ ಸಿಗುವುದಿಲ್ಲ. ಮನೆಮದ್ದು ಅಂತ ಸಿಕ್ಕಿದ್ದೆಲ್ಲ ತಲೆಗೆ ಸುರಿಯಬೇಡಿ” ಎಂದು ಗದರಿಸಿದರು.

ಈರುಳ್ಳಿಯ ಕಥೆ ಒಪ್ಪಿಕೊಂಡೆ. ಅವರು ತಲೆ ಕೊಡವಿ ಚೀಟಿ ಬರೆದರು. ನಾನು ಬಾಗಿಲ ತನಕ ಹೋದಾಗ ಮೆಲ್ಲಗೆ ಕರೆದು, ನರ್ಸಿಗೆ ಕೇಳದ ಹಾಗೆ ಕೇಳಿದರು: “ಅಲ್ಲ, ಆ ಈರುಳ್ಳಿಯಿಂದ ಸ್ವಲ್ಪವಾದರೂ ಉಪಯೋಗ ಆಯಿತಾ?”

ವರ್ಗವಾದ ಮೇಡಂ

ಕಚೇರಿಯಲ್ಲಿ ಒಂದು ದಿನ ತಲೆ ಬಗ್ಗಿಸಿ ಫೈಲು ಹುಡುಕುತ್ತಿದ್ದೆ. ಕಿಟಕಿಯಲ್ಲಿ ನಿಂತ ಹಿರಿಯರೊಬ್ಬರು ಕೆಮ್ಮಿ, “ಇಲ್ಲಿ ಉದ್ದ ಜಡೆ ಮೇಡಂ ಇದ್ರಲ್ಲ, ವರ್ಗ ಆಯ್ತಾ?” ಅಂದರು.

ನಾನು ಫೈಲಿನಿಂದ ತಲೆ ಎತ್ತದೆ, “ಹೌದು, ಹೋದರು” ಅಂದುಬಿಟ್ಟೆ.

ಅವರು ನಿಟ್ಟುಸಿರು ಬಿಟ್ಟರು. “ಛೆ! ಅವ್ರು ಕೆಲಸ ಚಲೋ ಮಾಡ್ತಿದ್ರು.”

ಆರತಿ

ಮದುವೆಗೆ ಎಂಟು ದಿನ ಇತ್ತು. “ನಾನು ಬರೂದಿಲ್ಲ, ರಜೆ ಇಲ್ಲ” ಅಂದೆ.

“ರಜೆ ಇಲ್ಲದ್ದಾ, ಜಡೆ ಇಲ್ಲದ್ದಾ?” ಅಂದರು ಅತ್ತೆ.

ಅಷ್ಟಕ್ಕೇ ನನಗೆ ಅಳು ಬಂತು. ಕೂದಲಿಗೆ ಅಳುವ ವಯಸ್ಸಾ ಇದು ಅಂತ ನಾಚಿಕೆಯೂ ಆಯಿತು. ಆದರೆ ನಾನೇ ಆರತಿ ಎತ್ತಬೇಕು ಅಂತ ಅಣ್ಣನ ಮಗಳಿಗೆ ಆಸೆಯಿತ್ತು, ನನಗೂ ಇತ್ತು. ಅತ್ತೆ ಒಳಗೆ ಹೋಗಿ ಟ್ರಂಕು ತೆಗೆದು, ನುಸಿಗುಳಿಗೆ ವಾಸನೆಯ ಒಂದು ಬಟ್ಟೆಗಂಟು ತಂದು ಮಡಿಲಿಗೆ ಹಾಕಿದರು. ಬಿಚ್ಚಿದರೆ ಚವರಿ! ಎರಡು ಮೊಳದ, ಕಾಡಿಗೆ ಕಪ್ಪಿನ ಕೂದಲು. ತಮ್ಮ ಮದುವೆಗೆ ಮುಂಚೆ ಬಾಚಿದಾಗ ಉದುರಿದ್ದನ್ನೆಲ್ಲ ಒಟ್ಟುಮಾಡಿ ಅವರು ಕಟ್ಟಿಸಿಕೊಂಡದ್ದು.

“ನಂದೇ ಕೂದ್ಲು. ತಲೆಗಿಂತ ಟ್ರಂಕಿನಲ್ಲೇ ಚಲೋ ಬಾಳಿಕೆ ಬಂತು. ಮುಡ್ಕಂಡು ಹೋಗು.”

ಅತ್ತೆ ತಲೆ ಮೇಲೆ ಕೂತಿದ್ದಾಳೆ ಅಂತ ಬೇರೆ ಸೊಸೆಯಂದಿರು ಬಾಯಿಮಾತಿಗೆ ಹೇಳುತ್ತಾರೆ. ನಮ್ಮತ್ತೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಲ್ಲೂ ಕೂತು, ತಲೆ ಮೇಲೂ ಖುದ್ದಾಗಿ ಕೂತೇ ಭಟ್ಕಳಕ್ಕೆ ಬಂದರು.

ಹನ್ನೆರಡು ಪಿನ್ನು ಚುಚ್ಚಿ, ಮೂರು ಮೊಳ ಮಲ್ಲಿಗೆ ಮುಡಿದು ಮಂಟಪಕ್ಕೆ ಹೋದೆ. ಮದುವೆಯ ಹೆಂಗಸರೆಲ್ಲ ಅಂಥದ್ದೇ ಮಲ್ಲಿಗೆ ಮುಡಿದಿದ್ದರು. ಅತ್ತಿಗೆ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದು, “ಹಾಂಗೇ ಇದ್ಯಲ್ಲೇ!” ಅಂದಳು. ಅವಳ ಜಡೆಯೂ ಭರ್ಜರಿಯಾಗೇ ಇತ್ತು. ನಾನು ನಕ್ಕು ಮಲ್ಲಿಗೆ ಸರಿಮಾಡಿಕೊಂಡೆ.

ಆರತಿಯ ಹೊತ್ತು ಬಂತು. ಹರಿವಾಣ ಎತ್ತಲು ಬಗ್ಗಿದೆ. ಬೆನ್ನ ಮೇಲೆ ಏನೋ ಸರಿದ ಹಾಗಾಯಿತು, ಆಮೇಲೆ ತಲೆ ಒಮ್ಮೆಲೇ ಹಗುರಾಯಿತು. ಎರಡೂ ಕೈಯಲ್ಲಿ ಉರಿಯುವ ಆರತಿ. ಬಿಡುವ ಹಾಗಿಲ್ಲ, ತಿರುಗುವ ಹಾಗಿಲ್ಲ.

ಹಿಂದೆ ನಿಂತಿದ್ದ ನಮ್ಮತ್ತೆ ಕಣ್ಣು ಮಿಟುಕಿಸುವುದರೊಳಗೆ ನನ್ನ ಸೆರಗು ಎಳೆದು ತಲೆ ತುಂಬ ಹೊದಿಸಿದರು. ಗಂಡಿನ ಕಡೆಯ ಒಬ್ಬ ಅಜ್ಜಿ ಮೆಚ್ಚಿಕೊಂಡರು: “ನೋಡಿ, ಈ ಕಾಲದಲ್ಲೂ ಆರತಿಗೆ ಸೆರಗು ಹೊದೆಯುವ ಹೆಂಗಸರಿದ್ದಾರೆ!”

ಅಷ್ಟರಲ್ಲಿ ಅತ್ತಿಗೆಯ ಕಣ್ಣಿಗೆ ನೆಲದ ಮೇಲಿನದು ಬಿತ್ತು. ಮಲ್ಲಿಗೆ ಸಮೇತ ಅದನ್ನು ಬಲಗೈಯಲ್ಲಿ ಎತ್ತಿ ಹಿಡಿದು, ಇಪ್ಪತ್ತೈದು ವರ್ಷ ಕಾದ ಸಂತೋಷದಲ್ಲಿ ಕೂಗಿದಳು: “ಅಯ್ಯೋ, ಯಾರ ಜಡೆ ಬಿತ್ತೇ ಇದು?”

ಸಾಲಿನಲ್ಲಿ ನಿಂತ ಏಳೆಂಟು ಹೆಂಗಸರ ಕೈ ಒಟ್ಟಿಗೇ ತಮ್ಮ ತಮ್ಮ ತಲೆಯ ಹಿಂದಕ್ಕೆ ಹೋಯಿತು. ಆರತಿ ಹಿಡಿದಿದ್ದ ನನ್ನ ಕೈ ಮಾತ್ರ ಅಲ್ಲಾಡಲಿಲ್ಲ.

“ಕೊಡು ಇಲ್ಲಿ, ಅದು ನಂದು” ಎಂದು ನಮ್ಮತ್ತೆ ಮುಂದೆ ಬಂದರು.

ಅತ್ತಿಗೆ ಅವರ ಬೆಳ್ಳಿ ತುರುಬು ನೋಡಿದಳು. “ನಿಮ್ಮದಾ? ಇದು ಕಪ್ಪಿದೆಯಲ್ಲ?”

“ನಂದೇ. ಹದಿನೆಂಟನೇ ವಯಸ್ಸಿಂದು.” ಅತ್ತೆ ಅದನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ, ಇನ್ನೂ ತಲೆಯ ಹಿಂದೆಯೇ ಇದ್ದ ಅತ್ತಿಗೆಯ ಎಡಗೈ ನೋಡಿ ಕೇಳಿದರು: “ಅದಿರ್ಲಿ ತಂಗೀ, ನೀನೆಂತಕ್ಕೆ ನಿನ್ನದು ಹಿಡ್ಕಂಡಿದ್ದೆ?”