ಕರೆಂಟ್ ಇರುವತನಕ ಖಾಸಗಿತನ

ಸರ್ಕಾರದ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳುವುದಕ್ಕೆ ಯಾವ ಖರ್ಚೂ ಇಲ್ಲ. ಅದಕ್ಕೇ ನನ್ನಲ್ಲಿ ಅವು ಧಾರಾಳವಾಗಿವೆ. ಬನಹಟ್ಟಿಯ ನಮ್ಮ ಓಣಿಯ ಚಹಾದಂಗಡಿಯಲ್ಲಿ ಬೆಳಿಗ್ಗೆ ಕೂತರೆ, ಹಿನ್ನೀರಿನ ಪರಿಹಾರದಿಂದ ಹಿಡಿದು ನೂಲಿನ ತೆರಿಗೆಯವರೆಗೆ ಎಲ್ಲ ಇಲಾಖೆಗಳನ್ನೂ ಒಂದು ಸುತ್ತು ವಿಚಾರಿಸಿಕೊಂಡೇ ಏಳುತ್ತೇನೆ. ಹೆಬ್ಬೆರಳು ಒತ್ತಿ, ಕಣ್ಣು ತೋರಿಸಿ, ಮೊಬೈಲ್ ನಂಬರ್ ಬರೆಸಿ ಎಂದು ಕಂಡಕಂಡವರೆಲ್ಲ ಕೇಳತೊಡಗಿದ ಮೇಲೆ ನನಗೆ ಖಾಸಗಿತನದ ಹುಚ್ಚು ಹಿಡಿಯಿತು. ನಮ್ಮ ಮನೆಯ ಸಂಗತಿ ಕಟ್ಟಿಕೊಂಡು ಸರ್ಕಾರಕ್ಕೆ ಆಗಬೇಕಾದದ್ದೇನು? ರೇಷನ್ ಅಂಗಡಿಯವನ ಜೊತೆಗೂ ಈ ವಾದ ಮಾಡಿ, ಗೆದ್ದು, ಅಕ್ಕಿಯಿಲ್ಲದೆ ಮನೆಗೆ ಬಂದಿದ್ದೇನೆ.

ಹೀಗಿರುವಾಗ ಮಗಳು ಅಂಬಿಕಾಗೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಆ ಖುಷಿ ಫೀಸಿನ ವಿವರ ನೋಡುವವರೆಗೆ ಇತ್ತು. ಕಾಲೇಜೆಂದರೆ ಒಂದು ಫೀಸು ಎಂದುಕೊಂಡಿದ್ದೆ. ಅದಕ್ಕೆ ಲ್ಯಾಬು, ಹಾಸ್ಟೆಲ್, ಅಭಿವೃದ್ಧಿ, ಬ್ಲೇಜರ್ ಎಂದು ಬಾಲಗಳಿದ್ದವು. ನಮ್ಮ ಕಡೆಯ ಬಿಸಿಲಿಗೆ ಬ್ಲೇಜರ್ ಯಾಕೆಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಸರ್ಕಾರದ ಶುಲ್ಕ ವಿನಾಯಿತಿ ಸಿಕ್ಕರೆ ಅವಳು ಕಾಲೇಜಿಗೆ, ಇಲ್ಲದಿದ್ದರೆ ಇಲ್ಲ ಎಂಬಲ್ಲಿಗೆ ಬಂದು ನಿಂತೆವು. ಅರ್ಜಿಯನ್ನು ಮೊಬೈಲಿನಲ್ಲೇ ತುಂಬಬೇಕು. ಅದು ಆಧಾರ್, ಬ್ಯಾಂಕು, ಆದಾಯ ಎಂದು ನನ್ನ ಜಾತಕವನ್ನೇ ಕೇಳುತ್ತಿತ್ತು. ನಾನು ತತ್ವದ ಮಾತಾಡುತ್ತ ಕಡೆಯ ದಿನದವರೆಗೂ ಎಳೆದೆ. “ಅಪ್ಪಾ, ನಿನ್ನ ತತ್ವ ತಗೊಂಡು ಕಾಲೇಜಿನವ್ರು ರಸೀದಿ ಕೊಡಂಗಿಲ್ಲ” ಎಂದಳು ಅಂಬಿಕಾ. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಸಂಕಟವಾಗಿ ಮೊಬೈಲ್ ಅವಳ ಕೈಗೆ ಕೊಟ್ಟೆ.

ನಮ್ಮ ಮುಂದಿನ ಖೋಲಿಯಲ್ಲಿ ಎರಡು ಪವರ್‌ಲೂಮ್, ಪಕ್ಕದ ಕಾಡಪ್ಪನ ಮನೆಯಲ್ಲಿ ನಾಲ್ಕು, ಓಣಿಯ ಉಳಿದ ಮನೆಗಳಲ್ಲೂ ಹಾಗೇ. ಎಲ್ಲವೂ ಒಟ್ಟಿಗೆ ಖಟಪಟ ಎನ್ನುವಾಗ ಇಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ಗಂಡ ಹೆಂಡಿರ ಸರಸವೂ ಕೂಗಿಯೇ ಆಗಬೇಕು. ನಾನು ಒಂದು ಮಗ್ಗ ನಿಲ್ಲಿಸಿ ಹರಿದ ಎಳೆಗೆ ಗಂಟು ಹಾಕುತ್ತಿದ್ದೆ. “ವರ್ಷದ ಆದಾಯ ಎಷ್ಟ ಹಾಕ್ಲಿ?” ಎಂದು ಅಂಬಿಕಾ ಒಳಗಿನಿಂದ ಕೂಗಿದಳು. ಹೇಳಿದೆ. ಕೇಳಿಸಲಿಲ್ಲ. ಎದೆ ತುಂಬ ಉಸಿರೆಳೆದುಕೊಂಡು, “ಎಂಬತ್ತ ಸಾವಿರ ಹಾಕ! ಖರೇ ಹೇಳಬೇಕಂದ್ರ ಅದೂ ಪೂರಾ ಹುಟ್ಟಂಗಿಲ್ಲ!” ಎಂದು ಕೂಗಿದೆ. ಹಾಗೆ ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನನ್ನ ದನಿ ಮಾತ್ರ ನಿಲ್ಲಲಿಲ್ಲ.

ನನ್ನ ಮಾನ ಹೋಯಿತು. ಇಷ್ಟು ವರ್ಷ “ವ್ಯಾಪಾರ ಛಲೋ ನಡದೈತಿ” ಎನ್ನುತ್ತ ಇಸ್ತ್ರಿ ಅಂಗಿ ಹಾಕಿಕೊಂಡು ತಿರುಗಿದವನು ನಾನು. ಸರ್ಕಾರಕ್ಕೆ ನನ್ನ ಆದಾಯ ತಿಳಿದರೆ ನನಗೇನೂ ಅನಿಸುತ್ತಿರಲಿಲ್ಲ, ಕಾಡಪ್ಪನಿಗೆ ತಿಳಿಯಬಾರದಿತ್ತು ಎಂಬುದು ಆಗ ಹೊಳೆಯಿತು. ಹೆಂಡತಿ ಅಡಿಗೆಮನೆಯಿಂದಲೇ, “ಚಂದ ಆತು. ಇನ್ನ ಡಂಗುರ ಹೊಡಸೂದೊಂದ ಉಳದಿತ್ತ ನೋಡ್ರಿ” ಎಂದಳು.

ಅಂಬಿಕಾ ಮಾತ್ರ “ಅರ್ಜಿ ಹೋತು!” ಎಂದು ಕುಣಿಯುತ್ತ ಹೊರಬಂದಳು. ಅಷ್ಟರಲ್ಲಿ ಬಾಗಿಲಲ್ಲಿ ಕಾಡಪ್ಪ. ಚೇಷ್ಟೆ ಮಾಡಲು ಬಂದನೆಂದುಕೊಂಡೆ. ಅವನು ತನ್ನ ಮೊಬೈಲನ್ನು ಅವಳ ಮುಂದೆ ಹಿಡಿದ. “ಅಂಬವ್ವಾ, ನಮ್ಮ ಹುಡುಗೀನೂ ಜಮಖಂಡಿ ಕಾಲೇಜಿಗೆ ಹೊಂಟಾಳ. ಆಕೀದೂ ಒಂದ ಹಾಕವಾ. ಕೇಳಾಕ ನಾಚಿಕಿ ಬಂದು ಸುಮ್ನಿದ್ನಿ, ಈಗ ನಿಮ್ಮಪ್ಪನ್ದ ಕೇಳಿ ಧೈರ್ಯ ಬಂತು.” “ಆದಾಯ ಎಷ್ಟ ಬರೀಲಿ ಕಾಕಾ?” ಎಂದಳು. ಕಾಡಪ್ಪ ನನ್ನನ್ನು ನೋಡಿದ, ಓಣಿಯನ್ನು ನೋಡಿದ. “ಕರೆಂಟ್ ಬರ್ಲಿ ತಡಿಯವಾ, ಆಮ್ಯಾಲ ಹೇಳ್ತೀನಿ” ಎಂದು ಕಟ್ಟೆಯ ಮೇಲೆ ಕೂತ.

ಕರೆಂಟ್ ಬಂತು. ಮಗ್ಗಗಳು ಶುರುವಾದವು. ಕಾಡಪ್ಪ ಅವಳ ಕಿವಿಯ ಬಳಿ ಬಗ್ಗಿ ಹೇಳಿದ. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಆದರೆ ಮಗ್ಗದ ಸದ್ದಿನಲ್ಲೇ ಬೆಳೆದ ನಮಗೆ ತುಟಿ ನೋಡಿ ಮಾತು ತಿಳಿಯುವ ರೂಢಿ ಇರುತ್ತದೆ. ಖಾಸಗಿತನದ ಮೇಲೆ ಅಷ್ಟೆಲ್ಲ ಭಾಷಣ ಮಾಡಿದವನು ಮುಖ ಆಚೆ ತಿರುಗಿಸಬೇಕಾಗಿತ್ತು. ನಾನು ಕನ್ನಡಕ ಹಾಕಿಕೊಂಡೆ.