ಕಂಡಕ್ಟರ್ ರುಕ್ಮಯ್ಯನ ಮೂರು ಕಟ್ಟಲೆಗಳು

ಈ ಕತೆಯನ್ನು ಮೊದಲು ಹೇಳಿದವರು ಫರಂಗಿಪೇಟೆಯ ಬ್ಯಾರಿ ಹಾಜಬ್ಬ. ಹೇಳಿದ್ದು ೨೦೨೫ರ ಫೆಬ್ರವರಿಯ ಒಂದು ಶುಕ್ರವಾರ, ಸಂಜೆಯ ಅಸರ್ ನಮಾಜಿನ ಬಳಿಕ, ಅವರ ತಮ್ಮನ ಟಯರ್ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು. ಕೇಳಿದವರು ಏಳು ಮಂದಿ. ಕತೆ ನಡೆದ ಬಸ್ಸಿಗೆ ಹಾಜಬ್ಬನವರೇ ಡ್ರೈವರ್ ಆಗಿದ್ದರಿಂದ ಕನ್ನಡಿಯಲ್ಲಿ ಕಂಡದ್ದನ್ನು ತಾವೇ ಹೇಳಿದರು. ಕನ್ನಡಿಗೆ ಕಾಣದ್ದನ್ನು ಅದೇ ಬಸ್ಸಿನಲ್ಲಿ ದಿನವೂ ಬರುವ ಸೇಸಮ್ಮನಿಂದ ತಿಳಿದೆನೆಂದರು.

ರುಕ್ಮಯ್ಯ ಮೂಡುಬಿದಿರೆಯಿಂದ ಬೆಳ್ತಂಗಡಿ ದಾರಿಯಾಗಿ ಬಿ.ಸಿ.ರೋಡಿಗೆ ಹೋಗುವ ಬಸ್ಸಿನ ಕಂಡಕ್ಟರ್. ಹದಿನೆಂಟು ವರ್ಷಗಳಿಂದ ಲೋಕಕ್ಕೆಲ್ಲ 'ಮುಂದೆ ಹೋಗಿ, ಮುಂದೆ ಜಾಗ ಉಂಟು' ಎಂದು ಅಪ್ಪಣೆ ಕೊಡುತ್ತ ಬಂದವನಾದ್ದರಿಂದ, ತನಗೆ ಇನ್ನೊಬ್ಬರು ಅಪ್ಪಣೆ ಕೊಡುವುದನ್ನು ಅವನು ಸಹಿಸುತ್ತಿರಲಿಲ್ಲ. ಎಲ್ಲ ತೊಂದರೆಗೂ ಮೂಲ ಇದೇ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಅವನ ಫೋನಿಗೆ ಒಂದು ಜಾಹೀರಾತು ಬಂತು. ಯಾವ ತಂಡ ಗೆಲ್ಲುತ್ತದೆಂದು ಹೇಳಿ ಹಣ ಕಟ್ಟುವ ಆ್ಯಪ್. ಅವನು ಅದನ್ನು ನೀರುದೋಸೆಯ ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದಾಗ ಹೆಂಡತಿ ಹರಿಣಾಕ್ಷಿ ಇಣುಕಿ ನೋಡಿದಳು.

"ಅದು ಜೂಜು."

"ಜೂಜಲ್ಲ ಮಾರಾಯ್ತಿ. ಕ್ರಿಕೆಟ್ ಗೊತ್ತಿದ್ದವರ ಬುದ್ಧಿಯ ಆಟ ಅಂತ ಬರೆದುಂಟು."

"ನಿಮಗೆ ಕ್ರಿಕೆಟ್ ಗೊತ್ತುಂಟಾ?"

"ಬುದ್ಧಿ ಉಂಟು."

"ಅದು ಎಲ್ಲಿ ಉಂಟೂಂತ ಬರೆಯಲಿಲ್ವಾ?" ಎಂದ ಹರಿಣಾಕ್ಷಿ ಅಲ್ಲಿಗೆ ನಿಲ್ಲಿಸಿದ್ದರೆ ಕತೆಯೇ ಇರುತ್ತಿರಲಿಲ್ಲ. ರುಕ್ಮಯ್ಯ ಇನ್ನೂ ಹಾಕುವುದೋ ಬಿಡುವುದೋ ಎಂಬ ಯೋಚನೆಯಲ್ಲಿದ್ದ. ಅವಳು "ಹಾಕಬೇಡಿ" ಎಂದಳು. ಯೋಚನೆ ಅಲ್ಲಿಗೆ ಮುಗಿಯಿತು.

"ಹಾಕ್ತೇನೆ! ಹಾಕಿ, ಆಡಿ, ಸಂಜೆ ಬಸ್ಸಿಳಿಯುವ ಮೊದಲು ತೆಗೆದೂ ತೋರಿಸ್ತೇನೆ. ನಾನು ಅದನ್ನು ಆಡಿಸ್ತೇನಾ, ಅದು ನನ್ನನ್ನು ಆಡಿಸ್ತದಾ, ನೋಡುವ."

"ನೀವಿಳಿಯುವಾಗ ಅದು ಫೋನಿನಲ್ಲಿ ಇದ್ದರೆ ಫೋನು ನನಗೆ. ನನ್ನ ಗುಂಡಿಯ ಫೋನು ನಿಮಗೆ."

ಆ ಫೋನು ಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ರುಕ್ಮಯ್ಯ ಅದನ್ನು ಬಾಣಂತಿ ಮನೆಯ ಶಿಶುವಿನಂತೆ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದ. ಆದರೂ ಎದೆಯುಬ್ಬಿಸಿ "ಆಯ್ತು!" ಎಂದ.

ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಪುಸ್ತಕದ ರಟ್ಟಿನ ಹಿಂದೆ ಮೂರು ಕಟ್ಟಲೆಗಳನ್ನು ಬರೆದುಕೊಂಡ. ಒಂದು: ನೂರು ರೂಪಾಯಿಗಿಂತ ಒಂದು ಪೈಸೆಯೂ ಹೆಚ್ಚಿಲ್ಲ. ಎರಡು: ಒಂದೇ ಆಟ. ಮೂರು: ಮೂಡುಬಿದಿರೆಗೆ ಮರಳುವ ಮೊದಲು ಆ್ಯಪನ್ನು ತೆಗೆಯುವುದು. ಇಷ್ಟಾದ ಮೇಲೆ ಆ್ಯಪನ್ನು ಹಾಕಿದ. ಅದು ಒಂದರ ಹಿಂದೊಂದು ಅನುಮತಿ ಕೇಳಿತು. ರುಕ್ಮಯ್ಯನನ್ನು ಹಿಂದಿನಿಂದ ಜನ ನೂಕುತ್ತಿದ್ದರು. ಚಿಲ್ಲರೆ ಕೊಡುವ ವೇಗದಲ್ಲಿ ಎಲ್ಲದಕ್ಕೂ ಒಪ್ಪಿಗೆ ಒತ್ತಿದ.

ಬಸ್ಸು ವೇಣೂರು ದಾಟುವಷ್ಟರಲ್ಲಿ ಹತ್ತು ಹನ್ನೆರಡು ಫೋನುಗಳು ಒಟ್ಟಿಗೆ ಕೂಗಿದವು. ಹಾಜಬ್ಬ ಬೆಚ್ಚಿ ಬ್ರೇಕ್ ಒತ್ತಿದರು. ಎಲ್ಲ ಫೋನುಗಳಲ್ಲೂ ಒಂದೇ ಒಕ್ಕಣೆ: 'ನಿಮ್ಮ ಮಿತ್ರ ರುಕ್ಮಯ್ಯ ಆಡುತ್ತಿದ್ದಾರೆ. ನೀವೂ ಬನ್ನಿ, ಗೆಲ್ಲಿ!' ಆ್ಯಪು ಅವನ ಫೋನಿನಲ್ಲಿದ್ದ ಅಷ್ಟೂ ನಂಬರುಗಳಿಗೆ ಓಲೆ ಹಂಚಿತ್ತು.

ಬಸ್ಸಿನ ಧಣಿಯಿಂದ ಕರೆ ಬಂತು. ಹರಿಣಾಕ್ಷಿಯ ಅಣ್ಣನಿಂದ ಬಂತು. ದೇವಸ್ಥಾನದ ಭಟ್ಟರು ಮಾತ್ರ ತಗ್ಗಿದ ದನಿಯಲ್ಲಿ, "ರುಕ್ಮಯ್ಯ, ಇದರಲ್ಲಿ ಎಷ್ಟು ಕಟ್ಟಬೇಕು?" ಎಂದು ಕೇಳಿದರು.

"ಎಂತ ರುಕ್ಮಯ್ಯಣ್ಣ, ಮಗಳ ಮದುವೆಗೂ ಇಷ್ಟು ಜನರನ್ನು ಕರೀಲಿಲ್ಲ ನೀವು!" ಎಂದಳು ಸೇಸಮ್ಮ. ಅವಳು ರುಕ್ಮಯ್ಯನ ನೆರೆಮನೆಯವಳು. ದಿನವೂ ಬಸಳೆ, ತೊಂಡೆಯ ಬುಟ್ಟಿ ಹಿಡಿದು ಬಿ.ಸಿ.ರೋಡಿನ ಸಂತೆಕಟ್ಟೆಗೆ ಹೋಗಿ ಸಂಜೆ ಅದೇ ಬಸ್ಸಿನಲ್ಲಿ ಮರಳುವವಳು.

"ಸೇಸಕ್ಕ, ಟಿಕೆಟ್ ತಗೊಳ್ಳಿ, ಉಪದೇಶ ಬೇಡ. ನನ್ನ ನೂರು ರೂಪಾಯಿ, ನನ್ನ ಬೆರಳು."

ಗುರುವಾಯನಕೆರೆಯಲ್ಲಿ ಗುರುವಪ್ಪ ಹತ್ತಿದ. ನಲ್ವತ್ತು ವರ್ಷ ಕೋಳಿ ಕಾದಿಸುವ ಅಂಕದ ಕಳಗಳನ್ನು ಸುತ್ತಿದ ಮುದುಕ. ಯಾವ ವಾರ, ಯಾವ ಹೊತ್ತಿಗೆ ಯಾವ ಬಣ್ಣದ ಕೋಳಿ ಗೆಲ್ಲುತ್ತದೆಂದು ಹೇಳುವ ಕುಕ್ಕುಟ ಪಂಚಾಂಗ ಅವನ ಅಂಗಿಯ ಕಿಸೆಯಲ್ಲಿ ಸದಾ ಇರುತ್ತಿತ್ತು. ಸಂಗತಿ ಕೇಳಿದೊಡನೆ ಅವನ ಬೆನ್ನು ನೆಟ್ಟಗಾಯಿತು.

"ಯಾರಿಗೂ ಯಾರಿಗೂ ಆಟ?"

"ಹೊರದೇಶದವರು ಗುರುವಪ್ಪಜ್ಜ. ಹೆಸರು ಓದಲಿಕ್ಕೆ ಬರುವುದಿಲ್ಲ."

"ಹೆಸರು ಕಟ್ಟಿಕೊಂಡು ಎಂತ ಮಾಡ್ತೀ? ಬಣ್ಣ ಹೇಳು."

"ಒಂದು ಕೆಂಪು ಅಂಗಿ, ಒಂದು ಕಪ್ಪು ಅಂಗಿ."

ಗುರುವಪ್ಪ ಕನ್ನಡಕ ಏರಿಸಿ ಪುಟ ತಿರುವಿದ. "ಶನಿವಾರ, ಉದಯದಿಂದ ಮಧ್ಯಾಹ್ನದವರೆಗೆ ಕಪ್ಪಿನ ಮುಂದೆ ಕೆಂಪು ನಿಲ್ಲುವುದಿಲ್ಲ. ಕಟ್ಟು ಕಪ್ಪಿಗೆ!"

"ಅಜ್ಜ, ಅದು ಕೋಳಿ, ಇದು ಮನುಷ್ಯರು," ಎಂದು ಹಾಜಬ್ಬ ಮುಂದಿನಿಂದ ಕೂಗಿದರು.

"ಕಾಲು ಎರಡೇ ಅಲ್ವಾ ಬ್ಯಾರಿಗಳೇ? ನೀವು ಸ್ಟೇರಿಂಗ್ ನೋಡಿ."

ರುಕ್ಮಯ್ಯ ಕಪ್ಪಿನ ಮೇಲೆ ನೂರು ರೂಪಾಯಿ ಕಟ್ಟಿದ. ಮಧ್ಯಾಹ್ನ ಬಿ.ಸಿ.ರೋಡಿನ ಹೋಟೆಲಿನಲ್ಲಿ ಕುಚ್ಚಿಲಕ್ಕಿ ಅನ್ನಕ್ಕೆ ಸಾರು ಬಡಿಸುವ ಹೊತ್ತಿಗೆ ಕಪ್ಪು ತಂಡ ಗೆದ್ದಿತು. ನೂರು ನೂರ ತೊಂಬತ್ತಾಯಿತು. ಅವನು ಅನ್ನ ಬಿಟ್ಟು ಎದ್ದು, ಹಣ ತೆಗೆಯಲು ಒತ್ತಿದ. 'ಐನೂರು ರೂಪಾಯಿ ಆಗದೆ ಹಣ ಹಿಂದೆ ಪಡೆಯಲಾಗದು' ಎಂದಿತು ಆ್ಯಪು.

ಅಂದರೆ ತನ್ನ ನೂರನ್ನೇ ಹಿಂದೆ ಪಡೆಯಲು ಮತ್ತೆ ಆಡಬೇಕು. ಮತ್ತೆ ಆಡಿದರೆ ಎರಡನೆಯ ಕಟ್ಟಲೆ ಮುರಿಯುತ್ತದೆ. ರುಕ್ಮಯ್ಯನಿಗೆ ಮೊದಲ ಬಾರಿಗೆ, ಎದುರಾಳಿಯೂ ತನ್ನಂತೆಯೇ ಕಂಡಕ್ಟರ್ ಎಂಬುದು ಹೊಳೆಯಿತು: ಹತ್ತಿಸಿಕೊಳ್ಳುವುದು ಸುಲಭ, ಚಿಲ್ಲರೆ ಹಿಂದೆ ಕೊಡುವುದು ಕಷ್ಟ.

ಸಂಜೆಯ ಟ್ರಿಪ್ಪಿನಲ್ಲಿ ಬಸ್ಸು ಎರಡು ಪಾಳಯವಾಯಿತು.

"ಒಂದಾಟ ಆಡು ಮಾರಾಯ, ಪಂಚಾಂಗ ಕೈಯಲ್ಲುಂಟು!" ಎಂದು ಗುರುವಪ್ಪ. "ಇಳಿಹೊತ್ತಿಗೆ ಬಿಳಿ. ಬಿಳಿ ಅಂಗಿಯವರು ಎಲ್ಲಿಯಾದ್ರೂ ಆಡ್ತಾ ಇದ್ದಾರಾ ನೋಡು."

"ಬೇಡ ರುಕ್ಮಯ್ಯಣ್ಣ, ತೆಗೆಯಿರಿ ಅದನ್ನು! ಕೊಟ್ಟ ಮಾತು ದೊಡ್ಡದು," ಎಂದು ಸೇಸಮ್ಮ. ಅವಳ ಕಣ್ಣಿನಲ್ಲಿ ನೀರು ನಿಂತಿತ್ತೆಂದು ಹಾಜಬ್ಬ ಹೇಳುತ್ತಾರೆ. ನೆರೆಮನೆಯ ಹೆಂಗಸಿಗೆ ತನ್ನ ಮೇಲೆ ಇಷ್ಟು ಮಮತೆಯೇ ಎಂದುಕೊಂಡು ರುಕ್ಮಯ್ಯ ಅವಳ ಬುಟ್ಟಿಗೆ ಸೀಟಿನಡಿ ಜಾಗ ಮಾಡಿಕೊಟ್ಟ.

ಆ್ಯಪೂ ಸುಮ್ಮನಿರಲಿಲ್ಲ. ಬೆಳ್ತಂಗಡಿಯಲ್ಲಿ 'ಇಂದು ಮಾತ್ರ ಇಮ್ಮಡಿ' ಎಂದಿತು. ವೇಣೂರಿನಲ್ಲಿ 'ರುಕ್ಮಯ್ಯ, ನಿಮ್ಮ ಅದೃಷ್ಟ ಕಾಯುತ್ತಿದೆ' ಎಂದಿತು. ಅಲಂಗಾರಿನಲ್ಲಿ ಅವನು ಅಳಿಸಲು ಬೆರಳಿಟ್ಟಾಗ 'ನಿಜವಾಗಿಯೂ ಹೋಗುವಿರಾ?' ಎಂದು ಕೇಳಿತು.

ಕೇಳಿದ್ದೇ ತಪ್ಪಾಯಿತು. "ಹೋಗ್ತೇನೆ! ಕೇಳಲಿಕ್ಕೆ ನೀನು ಯಾರು?" ಎಂದು ರುಕ್ಮಯ್ಯ ಗುಡುಗಿ ಅದನ್ನು ಅಳಿಸಿಬಿಟ್ಟ. ಬಸ್ಸಿನ ಅರ್ಧ ಚಪ್ಪಾಳೆ ತಟ್ಟಿತು. ಗುರುವಪ್ಪ, ತನ್ನ ಕೋಳಿ ಕಳ ಬಿಟ್ಟು ಓಡಿದವನಂತೆ ಕಿಟಕಿಯ ಹೊರಗೆ ನೋಡಿದ.

ಮೂಡುಬಿದಿರೆಯಲ್ಲಿ ಹರಿಣಾಕ್ಷಿ ಕಾದು ನಿಂತಿದ್ದಳು. ರುಕ್ಮಯ್ಯ ಯುದ್ಧ ಗೆದ್ದವನಂತೆ ಮೆಟ್ಟಲಿಳಿದು ಫೋನನ್ನು ಅವಳ ಮುಂದೆ ಹಿಡಿದ. "ನೋಡು. ಹುಡುಕು. ಉಂಟಾ?"

ಅವಳು ಹುಡುಕಿದಳು. ಮುಖ ಬಿಳಿಚಿತು. "ಇಲ್ಲ..." ಎಂದಳು.

"ಇಲ್ವಲ್ಲ?" ಎಂದು ಹಿಂದಿನಿಂದ ಇಳಿದ ಸೇಸಮ್ಮ, ಬುಟ್ಟಿಯನ್ನು ಕೆಳಗಿಟ್ಟು ಕೈ ಚಾಚಿದಳು. "ಹಾಗಾದ್ರೆ ಕೊಡು ಹರಿಣಾಕ್ಷಿ."

"ಎಂತ ಕೊಡುವುದು?" ಎಂದ ರುಕ್ಮಯ್ಯ.

ಹರಿಣಾಕ್ಷಿ ಸೆರಗಿನ ಚುಂಗು ತಿರುಚಿದಳು. "ಬೆಳಿಗ್ಗೆ ಸೇಸಕ್ಕನಿಗೆ ಫೋನ್ ಮಾಡಿದ್ದೆ. ನಮ್ಮವರು ಖಂಡಿತ ತೆಗೆಯುವುದಿಲ್ಲ ಅಂದೆ. ತೆಗೀತಾರೆ ಅಂದ್ರು ಸೇಸಕ್ಕ. ಮಾತಿಗೆ ಮಾತು ಬೆಳೀತು. ನೀವು ತೆಗೆಯದಿದ್ದರೆ ಅವರ ಹೊಸ ಕುಕ್ಕರ್ ನನಗೆ. ತೆಗೆದರೆ..."

"ತೆಗೆದರೆ?"

"ಫೋನು ಅವರಿಗೆ."

"ನನ್ನ ಫೋನನ್ನು ಪಣಕ್ಕಿಡಲು ನೀನು ಯಾರು?"

"ಸಂಜೆಗೆ ಅದು ನನ್ನದೇ ಆಗ್ತದೆ ಅಂತ ಧೈರ್ಯ ಇತ್ತು. ಇಷ್ಟು ವರ್ಷ ನಿಮ್ಮನ್ನು ನೋಡಿದವಳಲ್ವಾ ನಾನು? ಇವತ್ತು ಯಾಕೆ ಹೀಗೆ ಮಾಡಿದ್ರಿ?"

ನ್ಯಾಯ ಹೇಳಲು ಗುರುವಪ್ಪ ಬಸ್ಸಿನಿಂದಿಳಿದ. ಇಳಿಯುವ ಊರು ಗುರುವಾಯನಕೆರೆಯಾಗಿದ್ದರೂ, ಇದನ್ನು ನೋಡಲೆಂದೇ ಅವನು ಮೂಡುಬಿದಿರೆಯವರೆಗೆ ಬಂದಿದ್ದ. ಕಳಕ್ಕಿಳಿದ ಕೋಳಿ ಯಾರ ಕೊಟ್ಟಿಗೆಯದೆಂದು ಕೇಳುವ ಕ್ರಮವಿಲ್ಲ, ಸೋತವರ ಕಡೆಯದು ಗೆದ್ದವರಿಗೆ ಎಂದು ತೀರ್ಪು ಕೊಟ್ಟ. ಧಣಿಯ ಗುಮಾಸ್ತ, ಹೂವಿನವಳು, ಪಕ್ಕದ ಬಸ್ಸಿನ ಡ್ರೈವರ್ ಎಲ್ಲರೂ ಹೌದೆಂದರು.

ರುಕ್ಮಯ್ಯ ಫೋನನ್ನು ಒಮ್ಮೆ ಒರೆಸಿ, ಪಿನ್ನು ಚುಚ್ಚಿ ಸಿಮ್ ತೆಗೆಯಹೊರಟ. ಸೇಸಮ್ಮ ಅವನ ಕೈ ಹಿಡಿದಳು.

"ಸಿಮ್ ಇರಲಿ ರುಕ್ಮಯ್ಯಣ್ಣ. ಆ ಆ್ಯಪನ್ನು ಇನ್ನೊಮ್ಮೆ ಹಾಕಿಕೊಡಿ. ನೂರ ತೊಂಬತ್ತು ಆ ನಂಬರಿನ ಮೇಲೆಯೇ ಬಾಕಿ ಉಂಟಂತಲ್ಲ! ಗುರುವಪ್ಪಜ್ಜನಲ್ಲಿ ನಾಳೆಯ ಬಣ್ಣ ಕೇಳಿದ್ದೇನೆ."

"ಹಾಕುವುದಿಲ್ಲ!" ಎಂದು ರುಕ್ಮಯ್ಯ ಸಿಮ್ಮನ್ನು ಕಿತ್ತು ಬಾಯೊಳಗಿಟ್ಟು, ತುಟಿ ಬಿಗಿದು ನಿಂತುಬಿಟ್ಟ. ನಾರಾವಿ ಊರಿನಲ್ಲಿ ಈ ಕತೆ ಹೇಳುವವರು ಅವನು ಅದನ್ನು ನುಂಗಿದನೆನ್ನುತ್ತಾರೆ; ಹಾಜಬ್ಬ ಅದನ್ನು ಒಪ್ಪುವುದಿಲ್ಲ.

ಇಷ್ಟು ಹೇಳಿ ಹಾಜಬ್ಬ ತಣ್ಣಗಾದ ಚಹಾ ಕುಡಿದರು. ಕೇಳಿದವರಲ್ಲಿ ಒಬ್ಬ, "ಅಲ್ಲ ಹಾಜಬ್ಬಣ್ಣ, ಶುಕ್ರವಾರ ಸಂಜೆಗೆ ಯಾವ ಬಣ್ಣವಂತೆ?" ಎಂದ.

"ಏಳು, ಮನೆಗೆ ಹೋಗು," ಎಂದರು ಹಾಜಬ್ಬ. ಅವನು ಎದ್ದ. ಉಳಿದವರೂ ಲುಂಗಿ ಕೊಡವಿಕೊಂಡು ಎದ್ದು, ಹೆದ್ದಾರಿಯ ಲಾರಿಗಳು ಸರಿಯುವುದನ್ನು ಕಾದು, ಒಬ್ಬೊಬ್ಬರಾಗಿ ರಸ್ತೆ ದಾಟಿ ಹೋದರು.