ಕಾರಮಡೈನ ಬಾಳೆಯವರಿಗೆ, ಮೇಕೆಗಳ ಪರವಾಗಿ

ಮಾನ್ಯ ನೇಂದ್ರ ಬಾಳೆಯವರೇ,

ಮದುವೆಮನೆಯ ಬಾಗಿಲಲ್ಲಿ ಇಬ್ಬದಿ ನಿಂತು ಬಂದವರನ್ನೆಲ್ಲ ಬರಮಾಡಿಕೊಳ್ಳುವ, ಪಂಕ್ತಿಯಲ್ಲಿ ಎಲೆಯಾಗಿ ಅಂಗಾತ ಮಲಗುವ, ಕುದಿಯುವ ಎಣ್ಣೆಗೆ ಬಿದ್ದರೂ ಚಿಪ್ಸಾಗಿ ಗರಿಗರಿಯಾಗಿಯೇ ಏಳುವ ತಮಗೆ ಬಾಗಿದ ನಮಸ್ಕಾರಗಳು. ಗೊನೆ ಹೊತ್ತ ತಾವೂ ಬಾಗಿಯೇ ಇರುವುದರಿಂದ ಮುಖಾಮುಖಿ ಸುಲಭವಾಗಲೆಂದು ಹಾರೈಸುತ್ತೇನೆ.

ನನ್ನ ಮಾವ ನಂಜುಂಡನ್ ಅವರ ಮುಳ್ಳುಬೇಲಿಯ ಹುಲ್ಲುಗಾವಲಿನಲ್ಲಿ ಪಕ್ಕದ ಮನೆಯ ಅಮ್ಮಣಿ ಅಕ್ಕನ ಮೇಕೆಗಳು ತಲೆಮಾರುಗಳಿಂದ ಮೇಯುತ್ತಿದ್ದವು. ಹೋದ ವರ್ಷ ಅದರಲ್ಲಿ ಅರ್ಧಕ್ಕೆ ತಾವು ಹನಿ ನೀರಾವರಿ ಸಮೇತ ದಯಮಾಡಿಸಿದಿರಿ. ಒಂದು ಮರವನ್ನೂ ಕಡಿಸಲಿಲ್ಲ. ತಮ್ಮ ಸಭ್ಯತೆಗೆ ಬೇಲಿಯೇ ಸಾಕ್ಷಿ. ಮೇಕೆಗಳೂ ಸಭ್ಯರೇ. ಹುಲ್ಲು ಸಾಲದ ಅರ್ಧ ಮಂದೆ ಬೆಟ್ಟದ ಬುಡದಲ್ಲಿರುವ ನಂಜಪ್ಪನ್ ಅವರ ಹೊಲಕ್ಕೆ ಹೊರಟಿತು. ಮಂದೆ ತಂಗಿದರೆ ನೆಲಕ್ಕೆ ಗೊಬ್ಬರವೆಂಬುದು ನಮ್ಮವರ ಹಳೆಯ ಲೆಕ್ಕ, ಆದ್ದರಿಂದ ಅವರು ಕೈಬೀಸಿ ಕರೆದರು. ನಾಲ್ಕು ದಿನದ ನೆಂಟರು ಅಲ್ಲೇ ಉಳಿದಾಗ, ನಂಜಪ್ಪನ್ ಹೊಲವನ್ನು ಅವುಗಳಿಗೇ ಗುತ್ತಿಗೆಗೆ ಬಿಟ್ಟು ಜೋಳವನ್ನು ಇಳಿಜಾರಿನ ಮೇಲಕ್ಕೆ ಒಯ್ದರು. ಅಲ್ಲಿ ಮರಗಳಿದ್ದವು. ಈಗ ಜೋಳ ಚೆನ್ನಾಗಿದೆ.

ಆ ಮರಗಳಡಿ ಇದ್ದ ಆನೆ ಈಗ ತಮ್ಮ ಅತಿಥಿ. ಅದು ಮೊದಲ ಸಲ ತೋಟಕ್ಕೆ ನುಗ್ಗಿದಾಗ ಮಾವ ಪಟಾಕಿ ಹುಡುಕಿದರೆ, ಅವರ ತಾಯಿ ಸಾಮಿಯಾತಾಳ್ ಕರ್ಪೂರ ಹುಡುಕಿದರು. “ಸುಮ್ನಿರು ನಂಜುಂಡಾ, ನಮ್ಮ ಗಣಪ ಪಿಳ್ಳೈಯಾರೇ ನಡ್ಕೊಂಡು ಬಂದವ್ರೆ. ನೀನೇ ಎಲೆ ಹಾಕಿದ್ದೆ, ಅವ್ರು ಊಟಕ್ಕೆ ಕೂತ್ರು” ಎಂಬುದು ಅವರ ತೀರ್ಪು.

ಇಷ್ಟಾದರೂ ಮಾವ ಉಳಿದರ್ಧ ಹುಲ್ಲುಗಾವಲನ್ನೂ ತಮ್ಮ ಪಾದಕ್ಕೆ ಅರ್ಪಿಸುವ ಉತ್ಸಾಹದಲ್ಲಿದ್ದಾರೆ. ಬೆಟ್ಟದ ಬುಡದಲ್ಲಿ ಮೇಕೆಮರಿಗಳನ್ನು ಚಿರತೆ ಒಯ್ಯುತ್ತಿದೆ. ಈ ಅರ್ಧವೂ ಹೋದರೆ ಮಂದೆಯನ್ನೇ ಸಂತೆಗೆ ಹೊಡೆಯಬೇಕೆಂದು ಅಮ್ಮಣಿ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಆದ್ದರಿಂದ ತಾವು ಇನ್ನು ಮುಂದೆ ಅಗಲಕ್ಕೆ ಹರಡದೆ, ಒಬ್ಬರ ಹೆಗಲ ಮೇಲೊಬ್ಬರು ನಿಂತು ಮಹಡಿಮಹಡಿಯಾಗಿ ಬೆಳೆಯಬೇಕು. ಅದು ಕಷ್ಟವೆನಿಸಿದರೆ ಬುಡದಲ್ಲಿ ಹುಲ್ಲು, ನಡುವೆ ಜೋಳ, ತುದಿಯಲ್ಲಿ ಆನೆ ನಿಲ್ಲುವಷ್ಟು ಕಾಡು ಬಿಡುವ ಹೊಸ ತಳಿಯಾಗಿ ಅವತರಿಸಬೇಕೆಂದು ಪ್ರಾರ್ಥನೆ.

ತಮ್ಮ ನೆರಳಿಗೂ ಸಿಪ್ಪೆಗೂ ಸಮಾನ ಭಯಭಕ್ತಿಯುಳ್ಳ, ತಮ್ಮ ವಿಶ್ವಾಸಿ,
ಹರಿಹರನ್

ಕೊನೆಯ ಮಾತು: ಪತ್ರ ಬರೆದಿಟ್ಟ ಮೇಲೆ ಬಂದ ಶುಭವಾರ್ತೆ. ಪಿಳ್ಳೈಯಾರರ ಎರಡನೆಯ ಊಟದ ನಂತರ ಮಾವ ಸೋತು, ಇಡೀ ಹುಲ್ಲುಗಾವಲನ್ನು ಮೇಕೆಗಳಿಗೇ ಬಿಟ್ಟುಕೊಟ್ಟರು. ಅಮ್ಮಣಿ ಅಕ್ಕ ನಮ್ಮ ಮನೆಗೆಲ್ಲ ಪಾಯಸ ಹಂಚಿದರು. ತಮ್ಮನ್ನು ಮಾತ್ರ ಮಾವ ಕೈಬಿಟ್ಟಿಲ್ಲ. ಮೇಕೆಗಳು ಬಿಟ್ಟ ಹೊಲದ ಜೊತೆಗೆ ನಂಜಪ್ಪನ್ ಅವರ ಇಳಿಜಾರನ್ನೂ ಗುತ್ತಿಗೆಗೆ ಪಡೆದು ತಮಗೆ ಜಾಗ ಮಾಡಿದ್ದಾರೆ. ಅಲ್ಲಿ ಕಡಿಯಲು ಒಂದು ಮರವೂ ಉಳಿದಿಲ್ಲವಾದ್ದರಿಂದ, ಈ ಸಲವೂ ತಮ್ಮ ಸಭ್ಯತೆಗೆ ಭಂಗವಿಲ್ಲ. ಜೋಳ ಇನ್ನೂ ಮೇಲಕ್ಕೆ ಹೊರಟಿದೆ.